ಒಡೆದ ಏರಿ ಮತ್ತು ಕೃಷ್ಣದೇವರಾಯ

ಮಕ್ಕಳೇ, ಹೊಸಪೇಟೆ ಎಂದೊಡನೆ ನಿಮಗೆ ತುಂಗಭದ್ರಾ ಅಣೆಕಟ್ಟು ನೆನಪಾಗುತ್ತದೆ, ಅಲ್ಲವೇ? ಅದೇ ಊರಿನ ಬಳಿ ಸುಮಾರು 500 ವರ್ಷಗಳ ಹಿಂದೆ ಒಬ್ಬ ದೊರೆ ದೊಡ್ಡ ಕೆರೆಯೊಂದನ್ನು ಕಟ್ಟಿಸಲು ಹೊರಟನು. ಆದರೆ ಅದರ ಏರಿ ಎರಡು ಮೂರು ಸಲ ಒಡೆದುಹೋಯಿತು! ಆ ದೊರೆ ಯಾರು ಗೊತ್ತೇ? ವಿಜಯನಗರದ ಕೃಷ್ಣದೇವರಾಯ.

ಕೃಷ್ಣದೇವರಾಯನು ತುಳುವ ನರಸನಾಯಕನ ಮಗ. 1509ರಲ್ಲಿ ಪಟ್ಟಕ್ಕೆ ಬಂದನು. ಇಂದಿನ ಹಂಪಿಯೇ ಅವನ ರಾಜಧಾನಿ. 1520ರಲ್ಲಿ ರಾಯಚೂರು ಕೋಟೆಯನ್ನು ಗೆದ್ದನು. ತೆಲುಗಿನಲ್ಲಿ ‘ಆಮುಕ್ತಮಾಲ್ಯದ’ ಎಂಬ ಕಾವ್ಯವನ್ನೂ ಬರೆದನು. ಆದರೆ ಬಂಡೆಗಳೇ ತುಂಬಿದ, ಮಳೆ ಕಡಿಮೆ ಬೀಳುವ ಆ ನಾಡಿನಲ್ಲಿ ಜನ ಬದುಕಲು ನೀರು ಬೇಕಲ್ಲವೇ? ಅದಕ್ಕಾಗಿ ಅವನು ಕೆರೆ, ಕಾಲುವೆಗಳನ್ನು ಮಾಡಿಸಿದನು.

ಹಂಪಿಯ ಸಮೀಪ ಅವನು ನಾಗಲಾಪುರ ಎಂಬ ಪಟ್ಟಣವನ್ನು ಕಟ್ಟಿಸಿದನು. ಅದೇ ಇಂದಿನ ಹೊಸಪೇಟೆ. ಅಲ್ಲಿನ ತೋಟ, ಗದ್ದೆಗಳಿಗೆ ನೀರುಣಿಸಲು ಸಂಡೂರು ಬೆಟ್ಟಗಳ ಕಣಿವೆಯ ಬಾಯಿಯಲ್ಲಿ ಏರಿ ಹಾಕಿಸತೊಡಗಿದನು. ಆಗ ಇಲ್ಲಿಗೆ ಬಂದಿದ್ದ ಪೋರ್ಚುಗಲ್ ದೇಶದ ಪ್ರವಾಸಿ ಪಾಯೆಸ್, 15ರಿಂದ 20 ಸಾವಿರ ಜನ ಇರುವೆಗಳಂತೆ ಕೆಲಸ ಮಾಡುತ್ತಿದ್ದುದನ್ನು ಕಂಡನು.

ಇಷ್ಟಾದರೂ ಏರಿ ನಿಲ್ಲಲಿಲ್ಲ. ದೇವರು ಮುನಿದಿರಬೇಕು ಎಂದು ಜನ ಹೆದರಿದರು. ಪ್ರಾಣಿಗಳನ್ನಷ್ಟೇ ಅಲ್ಲ, ಮನುಷ್ಯರನ್ನೂ ಬಲಿ ಕೊಟ್ಟರೆಂದು ಪಾಯೆಸ್ ಬರೆದಿದ್ದಾನೆ. ಎಂಥ ದುಃಖದ ಸಂಗತಿ! ಬಲಿಯಿಂದ ಮಣ್ಣು ಗಟ್ಟಿಯಾಗುತ್ತದೆಯೇ?

ಮಣ್ಣಿನ ಏರಿ ಒಡೆಯುವುದಕ್ಕೆ ಕಾರಣ ಮಣ್ಣಿನಲ್ಲೇ ಇರುತ್ತದೆ. ಸಡಿಲ ಮಣ್ಣಿನ ಕಣಗಳ ನಡುವೆ ಸಂದುಗಳಿರುತ್ತವೆ. ನೀರು ಅವುಗಳಲ್ಲಿ ಜಿನುಗಿ ನುಣ್ಣನೆಯ ಕಣಗಳನ್ನು ಹೊತ್ತೊಯ್ಯುತ್ತದೆ. ಸಣ್ಣ ತೂತು ದೊಡ್ಡದಾಗಿ ಏರಿ ಕುಸಿಯುತ್ತದೆ. ಕಪ್ಪು ಮಣ್ಣಾದರೆ ಒದ್ದೆಯಾದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ. ಆದ್ದರಿಂದಲೇ ಈಗ ಎಂಜಿನಿಯರುಗಳು ಅಣೆಕಟ್ಟು, ಸೇತುವೆ, ದೊಡ್ಡ ಕಟ್ಟಡಗಳನ್ನು ಕಟ್ಟುವ ಮೊದಲು ನೆಲ ಕೊರೆದು ಮಣ್ಣನ್ನು ಪರೀಕ್ಷಿಸುತ್ತಾರೆ.

ಕೃಷ್ಣದೇವರಾಯನು ಕೆಲಸವನ್ನು ಕೈಬಿಡಲಿಲ್ಲ. ಕಲ್ಲುಕೆಲಸದಲ್ಲಿ ನಿಪುಣನಾದ ಪೋರ್ಚುಗಲ್‌ನ ಜೋವಾವ್ ದ ಲಾ ಪೊಂಟೆ ಎಂಬುವನ ನೆರವನ್ನೂ ಪಡೆದನು. ಕೊನೆಗೆ ಏರಿ ನಿಂತಿತು; ಕೆರೆಯ ನೀರು ಹೊಲಗದ್ದೆಗಳಿಗೆ ಹರಿಯಿತು. 1529ರಲ್ಲಿ ರಾಯನು ತೀರಿಕೊಂಡನು. 1900ರ ಹೊತ್ತಿಗೆ ಕೆರೆ ಒಣಗಿತ್ತು. ಆದರೆ ಏರಿ ಎಷ್ಟು ಭದ್ರವಾಗಿತ್ತೆಂದರೆ ಅದರ ಮೇಲೆಯೇ ಹೊಸಪೇಟೆಯಿಂದ ದಕ್ಷಿಣಕ್ಕೆ ಹೋಗುವ ರಸ್ತೆ ಹಾದುಹೋಗಿತ್ತು!

ನೀವೇ ಮಾಡಿ ನೋಡಿ: ಶಾಲೆಯ ಅಂಗಳದಲ್ಲಿ ಗೇಣುದ್ದದ ಎರಡು ಪುಟ್ಟ ಏರಿಗಳನ್ನು ಕಟ್ಟಿ. ಒಂದಕ್ಕೆ ಒಣ ಮಣ್ಣನ್ನು ಸುಮ್ಮನೆ ಸುರಿಯಿರಿ. ಇನ್ನೊಂದಕ್ಕೆ ಜೇಡಿಮಣ್ಣನ್ನು ತುಸು ಒದ್ದೆ ಮಾಡಿ, ತೆಳುವಾದ ಪದರಗಳಾಗಿ ಹಾಕಿ, ಪ್ರತಿ ಪದರವನ್ನೂ ಚೆನ್ನಾಗಿ ತಟ್ಟಿ. ಎರಡರ ಹಿಂದೆಯೂ ನಿಧಾನವಾಗಿ ನೀರು ತುಂಬಿಸಿ. ಯಾವುದು ಮೊದಲು ಒಡೆಯಿತು? ಏಕೆ? ಗೆಳೆಯರೊಡನೆ ಚರ್ಚಿಸಿ.