ಮೇರಿ ಕ್ಯೂರಿ ಮುಚ್ಚಿಟ್ಟ ಕಣ್ಣಿನ ಪೊರೆ

ರೇಡಿಯಂ ಕಂಡುಹಿಡಿದ ಮೇರಿ ಕ್ಯೂರಿ ಅದೇ ರೇಡಿಯಂಗೆ ಬಲಿಯಾದರು ಎಂಬ ಫಾರ್ವರ್ಡ್ ನಿಮ್ಮ ವಾಟ್ಸಾಪ್ ಗುಂಪಿಗೂ ಬಂದಿರಬಹುದು. ಅದು ಪೂರ್ತಿ ನಿಜವಲ್ಲ. ಅವರ ಕಣ್ಣಿನ ಕಥೆಯನ್ನಂತೂ ಯಾರೂ ಕಳಿಸುವುದಿಲ್ಲ, ನಾವು ಅದನ್ನೇ ಹೇಳುತ್ತೇವೆ.

1867ರಲ್ಲಿ ಪೋಲೆಂಡಿನ ವಾರ್ಸಾದಲ್ಲಿ ಹುಟ್ಟಿದ ಮೇರಿ, ಓದಲೆಂದು 1891ರಲ್ಲಿ ಪ್ಯಾರಿಸ್‌ಗೆ ಬಂದರು. 1898ರಲ್ಲಿ ಪತಿ ಪಿಯರ್ ಜೊತೆ ಪೊಲೋನಿಯಂ, ರೇಡಿಯಂ ಪತ್ತೆಹಚ್ಚಿದರು. ಸೋರುವ ಶೆಡ್ಡಿನಲ್ಲಿ ಟನ್‌ಗಟ್ಟಲೆ ಅದಿರು ಕುದಿಸಿದ ಮೇಲೆ ಸಿಕ್ಕಿದ್ದು ಒಂದು ಗ್ರಾಂನ ಹತ್ತನೇ ಒಂದು ಭಾಗದಷ್ಟು ರೇಡಿಯಂ ಕ್ಲೋರೈಡ್! ರಾತ್ರಿ ಹೋಗಿ, ಕತ್ತಲಲ್ಲಿ ಹೊಳೆಯುವ ಆ ಸೀಸೆಗಳನ್ನು ನೋಡುವುದೆಂದರೆ ದಂಪತಿಗೆ ಸಂಭ್ರಮ. ಎರಡು ನೊಬೆಲ್ ಬಂದವು, 1903 ಮತ್ತು 1911ರಲ್ಲಿ. ಮೊದಲ ಮಹಾಯುದ್ಧದಲ್ಲಿ ಎಕ್ಸ್‌ರೇ ಯಂತ್ರವನ್ನು ವ್ಯಾನಿನಲ್ಲಿ ಹೇರಿಕೊಂಡು ಗಾಯಾಳು ಸೈನಿಕರ ಬಳಿಗೇ ಹೋದರು.

1920ರಲ್ಲಿ ವೈದ್ಯರು ಹೇಳಿದರು, ಎರಡೂ ಕಣ್ಣಿಗೆ ಪೊರೆ ಬಂದಿದೆ. ಮೇರಿ ಅದನ್ನು ಗುಟ್ಟಾಗಿಟ್ಟರು. ಪಾಠದ ಟಿಪ್ಪಣಿಗಳನ್ನು ದಪ್ಪ ಅಕ್ಷರಗಳಲ್ಲಿ ಬರೆದುಕೊಂಡರು, ಉಪಕರಣಗಳ ಮೇಲೆ ಬಣ್ಣದ ಗುರುತು ಹಾಕಿಕೊಂಡರು. 1923ರಲ್ಲಿ ಬೇರೆ ಹೆಸರು ಕೊಟ್ಟು ಆಸ್ಪತ್ರೆಗೆ ಸೇರಿದರು. 1930ರ ವೇಳೆಗೆ ನಾಲ್ಕು ಶಸ್ತ್ರಚಿಕಿತ್ಸೆಗಳಾದವು. ಪ್ರಯೋಗಾಲಯದ ಹುಡುಗರಿಗೆ ಸೀಸದ ತಡೆ, ಇಕ್ಕಳ ಬಳಸಿ ಎಂದು ಕಟ್ಟುನಿಟ್ಟು ಮಾಡುತ್ತಿದ್ದವರು ತಮ್ಮ ವಿಷಯದಲ್ಲಿ ಮಾತ್ರ ಉದಾಸೀನ. ನಮ್ಮ ಮನೆಗಳ ಹಿರಿಯರೂ ಹೀಗೇ ಅಲ್ಲವೇ?

ವಯಸ್ಸಾದರೂ ಪೊರೆ ಬರುತ್ತದೆ ನಿಜ. ಆದರೆ ವಿಕಿರಣಕ್ಕೆ ಕಣ್ಣಿನ ಮಸೂರ ಬಹಳ ಬೇಗ ಸೋಲುತ್ತದೆ. ಕೆಟ್ಟ ಜೀವಕೋಶಗಳನ್ನು ಹೊರಹಾಕುವ ದಾರಿ ಅದಕ್ಕಿಲ್ಲ. ಅವು ಮಸೂರದ ಹಿಂಭಾಗಕ್ಕೆ ಸರಿದು ಅಲ್ಲೇ ಮಬ್ಬಾಗಿ ಉಳಿಯುತ್ತವೆ. ನೋವಿಲ್ಲ, ಗೊತ್ತಾಗುವಷ್ಟರಲ್ಲಿ ವರ್ಷಗಳೇ ಕಳೆದಿರುತ್ತವೆ.

1934ರ ಜುಲೈ 4ರಂದು, 66ನೇ ವಯಸ್ಸಿನಲ್ಲಿ ಮೇರಿ ತೀರಿಕೊಂಡರು. ಮೂಳೆಮಜ್ಜೆ ರಕ್ತಕಣಗಳನ್ನು ತಯಾರಿಸದಂಥ ರಕ್ತಹೀನತೆ ಅದಕ್ಕೆ ಕಾರಣ. 1995ರಲ್ಲಿ ಸಮಾಧಿ ತೆರೆದು ಅಳೆದಾಗ ಸಿಕ್ಕ ರೇಡಿಯಂ ತೀರಾ ಕಡಿಮೆ. ಹಾಗಾಗಿ ತಜ್ಞರ ಅನುಮಾನ ಹೋಗಿದ್ದು ಯುದ್ಧಕಾಲದ ಎಕ್ಸ್‌ರೇಗಳ ಕಡೆಗೆ.

ಇಂದು ಆಸ್ಪತ್ರೆಗಳ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಪೆಟ್ ಸ್ಕ್ಯಾನ್‌ಗೆ ಮುಂಚೆ ವಿಕಿರಣಯುಕ್ತ ಔಷಧವನ್ನು ಸಿರಿಂಜಿಗೆ ತುಂಬಿ ಚುಚ್ಚುವವರು ಇದ್ದಾರೆ. ಒಂದೆರಡು ಸ್ಕ್ಯಾನ್ ಮಾಡಿಸಿಕೊಂಡ ರೋಗಿ ಕಣ್ಣಿನ ಬಗ್ಗೆ ಹೆದರಬೇಕಿಲ್ಲ. ಆದರೆ ಈ ಸಿಬ್ಬಂದಿಗೆ ಅದು ದಿನನಿತ್ಯದ ಕೆಲಸ. ಕಣ್ಣಿನ ಮಸೂರಕ್ಕೆ ವರ್ಷಕ್ಕೆ 150 ಮಿಲಿಸೀವರ್ಟ್ ಇದ್ದ ಮಿತಿಯನ್ನು, ಐದು ವರ್ಷಗಳ ಸರಾಸರಿಯಲ್ಲಿ 20ಕ್ಕೆ ಇಳಿಸಬೇಕೆಂದು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 2011ರಲ್ಲಿ ಹೇಳಿತು. ಸೀಸದ ಗಾಜಿನ ಕನ್ನಡಕ ಎಕ್ಸ್‌ರೇಗೆ ಚೆನ್ನಾಗಿ ತಡೆ ಒಡ್ಡುತ್ತದೆ, ಪೆಟ್ ಔಷಧದ ಪ್ರಬಲ ಕಿರಣಗಳಿಗೆ ಅಷ್ಟಾಗಿ ಅಲ್ಲ. ಅಲ್ಲಿ ಉಪಯೋಗಕ್ಕೆ ಬರುವುದು ದಪ್ಪ ಕವಚದ ಸಿರಿಂಜು, ದೂರ, ಚುರುಕು ಕೈ. ಎದೆಗೆ ಸಿಕ್ಕಿಸಿದ ಬ್ಯಾಡ್ಜು ಕಣ್ಣಿಗೆ ಬಿದ್ದ ಪ್ರಮಾಣವನ್ನು ಸರಿಯಾಗಿ ಹೇಳಲಾರದು. ಅದನ್ನು ತಿಳಿಯಲು ಕಣ್ಣಿನ ಪಕ್ಕದಲ್ಲೇ ಇನ್ನೊಂದು ಮಾಪಕ ಬೇಕು.