ಸಂಘ ಒಡೆಯುವ ಮುನ್ನ ಮಸ್ಕಿಯ ಅಶೋಕನನ್ನು ಓದೋಣ

5ಎ ಕಾಲುವೆಗಾಗಿ ರೈತರು ತಿಂಗಳುಗಟ್ಟಲೆ ಧರಣಿ ಕೂತ ತಾಲೂಕು ನಮ್ಮ ಮಸ್ಕಿ. ಇಂಥ ಸೀಮೆಯಲ್ಲೂ ಯುವಜನರ ಹೊಸ ಬಳಗಗಳು ಮೊದಲ ವರ್ಷದಲ್ಲೇ ಒಡೆಯೋದನ್ನು ನೋಡ್ತಾ ಬಂದಿದ್ದೇನೆ. ಬ್ಯಾನರಿನಲ್ಲಿ ಯಾರ ಹೆಸರು ಮೊದಲು ಅನ್ನೋದರಿಂದ ಶುರುವಾದ ಜಗಳ, ವಾಟ್ಸಾಪ್ ಗುಂಪಿನಿಂದ ಒಬ್ಬರನ್ನು ತೆಗೆದುಹಾಕೋದರಲ್ಲಿ ಮುಗಿಯುತ್ತೆ. ಅದಕ್ಕೇ ಅಶೋಕನ ಬದುಕನ್ನು ಸಂಘ ಕಟ್ಟುವವರ ಕಣ್ಣಿಂದ ಓದಬೇಕು ಅಂತ ನನಗನ್ನಿಸುತ್ತೆ.

1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಮಸ್ಕಿಯ ಶಾಸನವನ್ನು ಪತ್ತೆ ಮಾಡಿದರು. ಅದಕ್ಕೂ ಮೊದಲು ಸಿಕ್ಕ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಅಶೋಕ ಎಂಬ ಹೆಸರು ಮೊದಲು ಸಿಕ್ಕಿದ್ದು ಇಲ್ಲಿ.

ಕ್ರಿ.ಪೂ. 268ರ ಸುಮಾರಿಗೆ ಪಟ್ಟಕ್ಕೆ ಬಂದ ಅವನು ಎಂಟು ವರ್ಷಗಳ ಬಳಿಕ ಕಳಿಂಗವನ್ನು ಗೆದ್ದ. ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನ ಸೆರೆಯಾಗಿ ಊರು ಬಿಟ್ಟರು ಎಂದು ತಾನೇ ಲೆಕ್ಕ ಕೊಟ್ಟು ಮರುಗಿದ. ಬೌದ್ಧ ಉಪಾಸಕನಾದ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಇದೇ ಶಾಸನದ ಇನ್ನೊಂದು ಪಾಠವಿದೆ. ಉಪಾಸಕನಾದರೂ ಒಂದು ವರ್ಷ ತಾನು ಹೆಚ್ಚೇನೂ ಶ್ರಮಪಡಲಿಲ್ಲ, ಸಂಘಕ್ಕೆ ಹತ್ತಿರವಾದ ಮೇಲಷ್ಟೇ ದುಡಿದೆ ಎಂದು ಅಲ್ಲಿ ಒಪ್ಪಿಕೊಳ್ತಾನೆ. ಇದು ದೊಡ್ಡವರಿಗಷ್ಟೇ ದಕ್ಕುವಂಥದ್ದಲ್ಲ, ಸಣ್ಣವರಿಗೂ ದಕ್ಕುತ್ತೆ ಎಂದು ಮಸ್ಕಿಯ ಬಂಡೆ ಸಾರುತ್ತೆ. ನಾಯಕನೇ ತನ್ನ ಕೊರತೆ ಹೇಳಿಕೊಂಡಾಗ ಉಳಿದವರಿಗೂ ಬಾಯಿ ಬರುತ್ತೆ.

ಅವನ ರಾಜ್ಯದಲ್ಲಿ ಬ್ರಾಹ್ಮಣರು, ಬೌದ್ಧರು, ಜೈನರು, ಆಜೀವಕರು ಎಲ್ಲರೂ ಇದ್ದರು. ನಾಲಿಗೆಗೆ ಹಿಡಿತವಿರಲಿ, ಒಬ್ಬರ ವಿಚಾರ ಇನ್ನೊಬ್ಬರು ಕೇಳಲಿ, ತನ್ನ ಪಂಥ ಹೊಗಳಲು ಬೇರೆಯದನ್ನು ಜರೆಯುವವನು ತನ್ನದಕ್ಕೇ ಹಾನಿ ಮಾಡ್ತಾನೆ ಎಂಬುದು 12ನೇ ಬಂಡೆ ಶಾಸನದ ತಿರುಳು. ಬರೀ ಉಪದೇಶ ಮಾಡಿ ಕೂರಲಿಲ್ಲ. ಎಲ್ಲ ಪಂಥಗಳ ನಡುವೆ ಕೆಲಸ ಮಾಡಲು ಧರ್ಮಮಹಾಮಾತ್ರರೆಂಬ ಅಧಿಕಾರಿಗಳನ್ನೇ ನೇಮಿಸಿದ.

ಬೌದ್ಧ ಸಂಘದೊಳಗಿನ ಜಗಳಕ್ಕೆ ಬಂದಾಗ ಮಾತ್ರ ಅವನ ದನಿ ಬೇರೆ. ಸಂಘ ಒಡೆಯುವ ಭಿಕ್ಷು, ಭಿಕ್ಷುಣಿಯರಿಗೆ ಬಿಳಿ ಬಟ್ಟೆ ಉಡಿಸಿ ಹೊರಗಿಡಿ ಎಂದು ಸಾರನಾಥ, ಸಾಂಚಿ, ಕೌಶಾಂಬಿಗಳಲ್ಲಿ ಬರೆಸಿದ. ಇಷ್ಟಾದರೂ ಮುಂದೆ ಬೌದ್ಧ ಸಂಘ ಹಲವು ಪಂಥಗಳಾಗಿ ಕವಲೊಡೆಯಿತು.

ಹೊಸ ಸಂಘಟನೆಗಳು ಈ ಎರಡನೇ ಅಶೋಕನನ್ನು ಬೇಗ ಕಲೀತಾವೆ. ನನಗೆ ಬೇಕಿರೋದು ಮೊದಲನೆಯವನು. ಮೊದಲ ಸಭೆಯಲ್ಲೇ ಎಲ್ಲರೂ ಸರದಿಯಂತೆ ಮಾತಾಡಲಿ. ಮುಂದಾಳು ತನ್ನ ಕೊರತೆಯಿಂದಲೇ ಶುರುಮಾಡಲಿ. ತಕರಾರು ಕೇಳೋಕೆ ಇಬ್ಬರನ್ನು ಅಂದೇ ಆರಿಸಿ. ಯಾರನ್ನೋ ಹೊರಗಿಡುವ ಮಾತು ಬಂದರೆ, ಮೊದಲು ಅವರ ತಕರಾರು ಪೂರ್ತಿ ಕೇಳಿ.