ಹೊಡೆದವನಿಗೆ ಆರು ತಿಂಗಳು ಜೈಲು, ಏಳನೇ ತಿಂಗಳು ಹೆಂಡತಿಯ ಗತಿ? ಕಾನೂನು ಬದಲಿಸಿದ ಪತ್ರಕರ್ತೆ ಫ್ರಾನ್ಸಿಸ್ ಪವರ್ ಕಾಬ್

1870ರ ದಶಕದ ಇಂಗ್ಲೆಂಡ್. ಕುಡಿದು ಬಂದ ಗಂಡ ಮೊಳೆ ಹೊಡೆದ ಬೂಟಿನಿಂದ ಹೆಂಡತಿಯನ್ನು ಒದೆಯುತ್ತಾನೆ. ಆಕೆ ಹೇಗೋ ಕೋರ್ಟ್ ಮೆಟ್ಟಿಲು ಹತ್ತುತ್ತಾಳೆ. ಮ್ಯಾಜಿಸ್ಟ್ರೇಟ್ ಗಂಡನಿಗೆ ಹೆಚ್ಚೆಂದರೆ ಆರು ತಿಂಗಳು ಜೈಲು ವಿಧಿಸುತ್ತಾರೆ. ಏಳನೇ ತಿಂಗಳು ಅದೇ ಗಂಡ, ಅದೇ ಮನೆ, ಮೊದಲಿಗಿಂತ ಹೆಚ್ಚು ಸಿಟ್ಟು. ಸಾವಿರಾರು ಹೆಂಗಸರ ಪಾಡು ಇದೇ ಆಗಿತ್ತು.

ಆ ಏಳನೇ ತಿಂಗಳ ಬಗ್ಗೆ ತಲೆಕೆಡಿಸಿಕೊಂಡವರು ಫ್ರಾನ್ಸಿಸ್ ಪವರ್ ಕಾಬ್. ಇವತ್ತು ಅವರ ಹೆಸರು ಹೆಚ್ಚಾಗಿ ಕೇಳಿಬರುವುದು ಪ್ರಾಣಿ ಹಿಂಸೆ ವಿರೋಧಿ ಹೋರಾಟದ ಚರಿತ್ರೆಯಲ್ಲಿ. ಆದರೆ ಹೆಣ್ಣುಮಕ್ಕಳಿಗಾಗಿ ತಾನು ಮಾಡಿದ ಕೆಲಸಗಳಲ್ಲಿ ಅತಿ ಹೆಚ್ಚು ಸಮಾಧಾನ ಕೊಟ್ಟಿದ್ದು ಏಟು ತಿಂದ ಹೆಂಡತಿಯರ ಪರ ನಡೆಸಿದ ಈ ಹೋರಾಟ ಎಂದೇ ಅವರು ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಕಾಬ್ ಹುಟ್ಟಿದ್ದು 1822ರ ಡಿಸೆಂಬರ್ 4ರಂದು, ಐರ್ಲೆಂಡ್‌ನ ಡಬ್ಲಿನ್‌ನಲ್ಲಿ. ಶ್ರೀಮಂತ ಜಮೀನ್ದಾರರ ಕುಟುಂಬ, ನಾಲ್ವರು ಅಣ್ಣಂದಿರ ನಂತರ ಹುಟ್ಟಿದ ಒಬ್ಬಳೇ ಮಗಳು. ಬ್ರೈಟನ್‌ನ ದುಬಾರಿ ಶಾಲೆಯಲ್ಲಿ ಎರಡು ವರ್ಷ ಓದಿಸಿದರು. ಅಲ್ಲಿ ಕಲಿತಿದ್ದು ನೃತ್ಯ, ಸಂಗೀತ ಮತ್ತು ನಾಲ್ಕು ಜನರೆದುರು ನಡೆದುಕೊಳ್ಳುವ ರೀತಿ. ಉಳಿದದ್ದನ್ನೆಲ್ಲ ಅವರು ಮನೆಯಲ್ಲೇ ಕೂತು ಓದಿಕೊಂಡರು. ಓದುತ್ತಾ ಸಾಂಪ್ರದಾಯಿಕ ಕ್ರೈಸ್ತ ನಂಬಿಕೆಯನ್ನೂ ಬಿಟ್ಟರು. ಸಿಟ್ಟಾದ ಅಪ್ಪ ಕೆಲ ತಿಂಗಳು ಮಗಳನ್ನು ಮನೆಯಿಂದ ದೂರ ಇಟ್ಟರು. ಮನೆವಾರ್ತೆ ನೋಡಿಕೊಳ್ಳಲು ಮತ್ತೆ ಕರೆಸಿಕೊಂಡವರೂ ಅವರೇ.

1857ರಲ್ಲಿ ಅಪ್ಪ ತೀರಿಕೊಂಡರು. ಆಸ್ತಿ ಅಣ್ಣನಿಗೆ, ತಂಗಿಗೆ ಸಣ್ಣದೊಂದು ವರ್ಷಾಶನ. 34ರ ಹರೆಯದ ಕಾಬ್ ಒಬ್ಬರೇ ಈಜಿಪ್ಟ್, ಪ್ಯಾಲೆಸ್ಟೈನ್, ಗ್ರೀಸ್, ಇಟಲಿ ಸುತ್ತಿ ಬಂದರು. ಆಮೇಲೆ ಬ್ರಿಸ್ಟಲ್‌ನಲ್ಲಿ ಮೇರಿ ಕಾರ್ಪೆಂಟರ್ ಜತೆ ಸೇರಿ ಬಡ ಹುಡುಗಿಯರ ಸುಧಾರಣಾ ಶಾಲೆಯಲ್ಲಿ ದುಡಿದರು. ರಾಜಾ ರಾಮ್ ಮೋಹನ್ ರಾಯ್ ಅವರನ್ನು ಕಂಡು ಪ್ರಭಾವಿತರಾಗಿ, ಮುಂದೆ ಹೆಣ್ಣುಮಕ್ಕಳ ಶಿಕ್ಷಣಕ್ಕಾಗಿ ಭಾರತಕ್ಕೆ ನಾಲ್ಕು ಬಾರಿ ಬಂದ ಕಾರ್ಪೆಂಟರ್ ಇವರೇ.

ಕಾಬ್ ಬದುಕಿನ ದಿಕ್ಕು ಬದಲಿಸಿದ್ದು ಪತ್ರಿಕೋದ್ಯಮ. 1868ರಲ್ಲಿ ಲಂಡನ್‌ನಲ್ಲಿ ಅರ್ಧ ಪೆನ್ನಿಗೆ ಮಾರಾಟವಾಗುವ 'ದಿ ಎಕೋ' ಎಂಬ ಸಂಜೆ ಪತ್ರಿಕೆ ಶುರುವಾಯಿತು. ಏಳು ವರ್ಷ ಕಾಲ, ವಾರದಲ್ಲಿ ಮೂರು ಬೆಳಗ್ಗೆ ಕಚೇರಿಗೆ ಹೋಗಿ ಅವರು ಸಂಪಾದಕೀಯ ಬರೆದರು. ಹೆಂಗಸೊಬ್ಬರು ಪತ್ರಿಕಾ ಕಚೇರಿಯಲ್ಲಿ ಕೂತು ಡೆಡ್‌ಲೈನ್ ಒಳಗೆ ಬರೆದುಕೊಡುವುದು ಆಗ ತೀರಾ ಅಪರೂಪ.

ಇನ್ನು ಕಾನೂನಿನ ವಿಷಯ. ಸಾವು ಸಂಭವಿಸದ ಹಲ್ಲೆ, ಗಾಯಗಳಿಗೆ ಇಂಗ್ಲೆಂಡ್‌ನಲ್ಲಿ ಇದ್ದದ್ದು 1861ರ ವ್ಯಕ್ತಿಗಳ ವಿರುದ್ಧದ ಅಪರಾಧಗಳ ಕಾಯ್ದೆ. ಉದ್ದೇಶಪೂರ್ವಕವಾಗಿ ಗಂಭೀರ ದೈಹಿಕ ಹಾನಿ ಮಾಡಿದರೆ 18ನೇ ಸೆಕ್ಷನ್, ಜೀವಾವಧಿವರೆಗೂ ಶಿಕ್ಷೆ. ಅದಕ್ಕಿಂತ ಕಡಿಮೆ ತೀವ್ರತೆಯದ್ದಕ್ಕೆ 20 ಮತ್ತು 47ನೇ ಸೆಕ್ಷನ್. ಹೆಂಗಸರು ಮತ್ತು 14 ವರ್ಷದೊಳಗಿನ ಹುಡುಗರ ಮೇಲಿನ ತೀವ್ರ ಹಲ್ಲೆಗೆ ಪ್ರತ್ಯೇಕವಾಗಿ 43ನೇ ಸೆಕ್ಷನ್. ಇದರಡಿ ಮ್ಯಾಜಿಸ್ಟ್ರೇಟರೇ ಆರು ತಿಂಗಳವರೆಗೆ ಜೈಲು ಅಥವಾ 20 ಪೌಂಡ್‌ವರೆಗೆ ದಂಡ ಹಾಕಬಹುದಿತ್ತು. ಕಾಗದದ ಮೇಲೆ ಏಣಿ ಚೆನ್ನಾಗಿಯೇ ಇತ್ತು. ಆದರೆ ಮೂಳೆ ಮುರಿಯುವಂಥ ಪ್ರಕರಣಗಳೂ ಕೆಳಗಿನ ಮೆಟ್ಟಿಲಲ್ಲೇ ಮುಗಿದು ಹೋಗುತ್ತಿದ್ದವು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಧೋರಣೆ ಅಲ್ಲಿನ ನ್ಯಾಯಪೀಠಗಳಿಗೂ ಹೊಸದಲ್ಲ.

1870ರ ದಶಕದ ನಡುವಿನಲ್ಲಿ ಗೃಹ ಇಲಾಖೆ ನ್ಯಾಯಾಧೀಶರ ಅಭಿಪ್ರಾಯ ಕೇಳಿತು. ಹೊಡೆಯುವ ಗಂಡಂದಿರಿಗೆ ಛಡಿಯೇಟು ಕೊಡಬೇಕು ಎಂದು ಹಲವರು ಹೇಳಿದರು. ಸಾರ್ವಜನಿಕರಿಗೂ ಇದು ಇಷ್ಟವಾಗಿತ್ತು. ಕಾಬ್ ಒಪ್ಪಲಿಲ್ಲ. ಛಡಿಯೇಟು ತಿಂದವನು ಮನೆಗೆ ಬಂದು ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುತ್ತಾನೆ ಎಂಬುದು ಅವರ ಪ್ರಶ್ನೆ. ಬಹಳ ದಿನ ಜೈಲಿಗೆ ಹಾಕಿದರೆ ಮಕ್ಕಳಿಗೆ ಅನ್ನ ಎಲ್ಲಿಂದ ಎಂಬುದು ಇನ್ನೊಂದು.

ಒಂದು ದಿನ ಪತ್ರಿಕೆ ಓದುವಾಗ ಇಂಥ ಪ್ರಕರಣಗಳ ಸಾಲು ಸಾಲು ವರದಿ ಕಣ್ಣಿಗೆ ಬಿತ್ತು. ಕುರ್ಚಿಯಿಂದ ಎದ್ದವರೇ ಇದಕ್ಕೊಂದು ದಾರಿ ಕಾಣದೆ ಕೂರುವುದಿಲ್ಲ ಎಂದು ನಿರ್ಧರಿಸಿದರು. ಕೋರ್ಟ್ ವರದಿಗಳನ್ನು ಒಟ್ಟುಮಾಡಿದರು. 1878ರ ಏಪ್ರಿಲ್‌ನಲ್ಲಿ 'ಕಾಂಟೆಂಪರರಿ ರಿವ್ಯೂ' ಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. ಶೀರ್ಷಿಕೆಯಲ್ಲಿ ಅವರು ಬಳಸಿದ್ದು ಹೊಡೆತ ಎಂಬ ಪದವನ್ನಲ್ಲ, ಚಿತ್ರಹಿಂಸೆ ಎಂಬ ಪದವನ್ನು. ಹೊಡೆತ ಎಂದರೆ ಜನ ಒಂದೆರಡು ಏಟು ಎಂದುಕೊಳ್ಳುತ್ತಾರೆ, ನಡೆಯುತ್ತಿರುವುದು ಅದಲ್ಲ ಎಂಬುದು ಅವರ ವಾದ. ಒದೆತಕ್ಕೇ ಹೆಸರಾಗಿದ್ದ ಲಿವರ್‌ಪೂಲ್‌ನ ಪ್ರದೇಶವೊಂದರ ಪ್ರಸ್ತಾಪವೂ ಅದರಲ್ಲಿತ್ತು.

ಅವರು ಕೇಳಿದ ಪರಿಹಾರ ಸರಳ. ಹೊಡೆದ ಗಂಡನಿಂದ ಹೆಂಡತಿ ಬೇರೆಯಾಗುವ ದಾರಿ ಬೇಕು, ಅದು ಬಡವಳ ಕೈಗೆ ಎಟುಕಬೇಕು. ಕ್ರೌರ್ಯದ ಆಧಾರದಲ್ಲಿ ಬೇರೆಯಾಗಲು 1857ರಿಂದಲೇ ಅವಕಾಶ ಇತ್ತು. ಆದರೆ ಅದಕ್ಕೆ ಲಂಡನ್‌ನ ವಿಚ್ಛೇದನ ನ್ಯಾಯಾಲಯಕ್ಕೇ ಹೋಗಬೇಕು, ವಕೀಲರಿಗೆ ದುಡ್ಡು ಸುರಿಯಬೇಕು. ಗಿರಣಿ ಕೂಲಿಯ ಹೆಂಡತಿಗೆ ಅದು ಆಗದ ಮಾತು.

ಬರ್ಮಿಂಗ್‌ಹ್ಯಾಮ್‌ನ ಆಲ್ಫ್ರೆಡ್ ಹಿಲ್ ಅವರ ನೆರವಿನಿಂದ ಮಸೂದೆಯ ಕರಡು ತಯಾರಾಯಿತು. ಅದೇ ಹೊತ್ತಿಗೆ ವಿವಾಹ ವ್ಯಾಜ್ಯಗಳ ಕುರಿತ ಬೇರೆಯೇ ಒಂದು ಮಸೂದೆ ಸಂಸತ್ತಿನ ಮುಂದಿತ್ತು. ವಿಚ್ಛೇದನ ನ್ಯಾಯಾಲಯದ ಮಾಜಿ ನ್ಯಾಯಾಧೀಶ ಲಾರ್ಡ್ ಪೆನ್ಜಾನ್ಸ್ ಈ ಅಂಶವನ್ನು ಅದಕ್ಕೇ ಸೇರಿಸಿದರು. ಮೇ ತಿಂಗಳಲ್ಲಿ ಕಾಯ್ದೆ ಜಾರಿಯಾಯಿತು. ಲೇಖನ ಬಂದು ಎರಡು ತಿಂಗಳೂ ಆಗಿರಲಿಲ್ಲ!

ಹೆಂಡತಿಯ ಮೇಲೆ ತೀವ್ರ ಹಲ್ಲೆ ಮಾಡಿದ್ದಕ್ಕೆ ಗಂಡನಿಗೆ ಶಿಕ್ಷೆಯಾದರೆ, ಆಕೆಯ ಜೀವಕ್ಕೆ ಮುಂದೆಯೂ ಅಪಾಯ ಇದೆ ಎಂದು ಕಂಡರೆ, ಅದೇ ಊರಿನ ಮ್ಯಾಜಿಸ್ಟ್ರೇಟ್ ಆಕೆ ಅವನೊಂದಿಗೆ ಬಾಳಬೇಕಿಲ್ಲ ಎಂದು ಆದೇಶಿಸಬಹುದು. ಗಂಡ ವಾರಕ್ಕೆ ಇಷ್ಟು ಎಂದು ಜೀವನಾಂಶ ಕೊಡಬೇಕು. ಹತ್ತು ವರ್ಷದೊಳಗಿನ ಮಕ್ಕಳನ್ನು ತಾಯಿಗೆ ಒಪ್ಪಿಸಬಹುದು.

ಕೊರತೆಗಳೂ ಇದ್ದವು. ಆಕೆಯ ವ್ಯಭಿಚಾರ ಸಾಬೀತಾದರೆ, ಗಂಡ ಅದನ್ನು ಮನ್ನಿಸಿರದಿದ್ದರೆ, ಎಷ್ಟೇ ಏಟು ತಿಂದಿದ್ದರೂ ಆದೇಶ ಸಿಗುತ್ತಿರಲಿಲ್ಲ. ಮರುಮದುವೆಗೂ ಅವಕಾಶ ಇರಲಿಲ್ಲ. ಶಿಕ್ಷೆಯಾಗುವಷ್ಟು ಏಟು ಬೀಳುವ ತನಕ ಕಾಯಲೇಬೇಕಿತ್ತು. 1895ರ ಕಾಯ್ದೆ ನಿರಂತರ ಕ್ರೌರ್ಯವನ್ನೂ ಕಾರಣವಾಗಿ ಒಪ್ಪಿಕೊಂಡ ಮೇಲೆ ಬಾಗಿಲು ಇನ್ನಷ್ಟು ತೆರೆಯಿತು.

ಕಾಬ್ ನೋಟದಲ್ಲೂ ಕುರುಡು ಇತ್ತು. ಈ ಕ್ರೌರ್ಯವನ್ನು ಅವರು ಮುಖ್ಯವಾಗಿ ಬಡವರ ಕೇರಿಗಳಲ್ಲಿ ಕಂಡರು, ತಮ್ಮಂಥವರ ದೊಡ್ಡ ಮನೆಗಳಲ್ಲಿ ಅಷ್ಟಾಗಿ ಅಲ್ಲ. ಕೋರ್ಟ್ ವರದಿಗೆ ಬರುವುದು ಬಡವರ ಜಗಳವೇ ಎಂಬುದನ್ನು ಒಬ್ಬ ಪತ್ರಕರ್ತೆ ಯೋಚಿಸಬೇಕಿತ್ತು.

ಕೊನೆಯ ದಶಕಗಳು ಪ್ರಾಣಿಗಳ ಮೇಲಿನ ಪ್ರಯೋಗದ ವಿರುದ್ಧದ ಹೋರಾಟಕ್ಕೆ ಮೀಸಲಾದವು. 1898ರಲ್ಲಿ ಅದಕ್ಕಾಗಿ ಬ್ರಿಟಿಷ್ ಯೂನಿಯನ್ ಎಂಬ ಹೊಸ ಸಂಘಟನೆ ಕಟ್ಟಿದಾಗ ಅವರಿಗೆ 75 ದಾಟಿತ್ತು. ದಶಕಗಳ ಸಂಗಾತಿ, ಶಿಲ್ಪಿ ಮೇರಿ ಲಾಯ್ಡ್ 1896ರಲ್ಲೇ ತೀರಿಕೊಂಡಿದ್ದರು. ವೇಲ್ಸ್‌ನಲ್ಲಿ 1904ರ ಏಪ್ರಿಲ್ 5ರಂದು ಕಾಬ್ ನಿಧನರಾದರು. ಜೀವಂತ ಹೂತುಬಿಡುತ್ತಾರೇನೋ ಎಂಬ ಭಯ ಅವರನ್ನು ಕಡೇವರೆಗೂ ಬಿಡಲಿಲ್ಲ. ಸತ್ತ ಮೇಲೆ ವೈದ್ಯರು ತನ್ನ ಕತ್ತಿನ ರಕ್ತನಾಳ ಕತ್ತರಿಸಿ ಖಚಿತಪಡಿಸಿಕೊಳ್ಳಬೇಕು ಎಂದು ಬರೆದಿಟ್ಟಿದ್ದರು. ಲ್ಲಾನೆಲ್ಟಿಡ್ ಎಂಬ ಊರಿನ ಚರ್ಚ್ ಆವರಣದಲ್ಲಿ ಮೇರಿ ಲಾಯ್ಡ್ ಪಕ್ಕದಲ್ಲೇ ಅವರ ಸಮಾಧಿ ಇದೆ. 1861ರ ಕಾಯ್ದೆಯ 18, 20 ಮತ್ತು 47ನೇ ಸೆಕ್ಷನ್‌ಗಳು ಇಂಗ್ಲೆಂಡ್‌ನ ಕೋರ್ಟ್‌ಗಳಲ್ಲಿ ಈಗಲೂ ಚಾಲ್ತಿಯಲ್ಲಿವೆ.